ದಾವಲಮಲಿಕನ ಹುಬ್ಬು

ಬಸ್ಸು ಸಿಂದಗಿ ಬಿಟ್ಟು ಊರಹೊರಗಿನ ಪೆಟ್ರೋಲ್ ಬಂಕನ್ನು ಇನ್ನೂ ದಾಟಿರಲಿಲ್ಲ, ಶ್ರೀಶೈಲಪ್ಪನಿಗೆ ಇಳಿದುಬಿಡಬೇಕೆನಿಸಿತು. ತೊಡೆಯ ಮೇಲೆ ಸ್ಯಾಕ್ಸೋಫೋನಿನ ಪೆಟ್ಟಿಗೆ, ಅದರ ಮೇಲೆ ಕೆಂಪು ಕೋಟಿನ ಗಂಟು. ಪಕ್ಕದಲ್ಲಿ ಮೆಂತ್ಯದ ಸೊಪ್ಪಿನ ಗಂಟು ಹೊತ್ತು ಬಂದಿದ್ದ ಮುದುಕಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. "ಇದರಾಗ ಏನೈತೋ ಯಪ್ಪಾ, ಹೊಲಿಗಿ ಮಷೀನೇನು?" ಎಂದು ಅವಳು ಕೇಳಿದಳು. "ಹೌದವ್ವಾ" ಎಂದುಬಿಟ್ಟ. ಥೂ, ಐವತ್ತೆಂಟು ವರ್ಷದ ಗಂಡಸು, ಬೆಳಗಿನ ಎಂಟು ಗಂಟೆಗೇ ಸುಳ್ಳು. ಸ್ಯಾಕ್ಸೋಫೋನು ಅಂದಿದ್ದರೆ ಅದೇನು ಎಂದು ಕೇಳುತ್ತಿದ್ದಳು, ಬಾರಿಸುವ ವಾದ್ಯ ಅಂದಿದ್ದರೆ ನೀನು ಬಾರಿಸುತ್ತೀಯಾ ಎಂದು ಕೇಳುತ್ತಿದ್ದಳು. ಬಾರಿಸುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ. ಈಗ ಹಿಟ್ಟಿನ ಗಿರಣಿ ಇಟ್ಟಿದ್ದೇನೆ, ಜೋಳ ತಂದರೆ ಬೀಸಿಕೊಡುತ್ತೇನೆ. ಮುದುಕಿ ತನಗೂ ಒಂದು ಕುಪ್ಪಸ ಹೊಲಿಸುವುದಿದೆ ಎಂದು ಶುರುಮಾಡಿದಳು. ದೇವರ ಹಿಪ್ಪರಗಿಯಲ್ಲಿ ಅವಳು ಇಳಿಯುವವರೆಗೂ ಅವನು ತೋಳು ಎಷ್ಟುದ್ದ, ಅಸ್ತರ ಹಾಕಬೇಕೋ ಬೇಡವೋ ಎಂದು ದರ್ಜಿಯ ಹಾಗೆ ಮಾತಾಡಬೇಕಾಯಿತು.

ಗುರಪ್ಪ ಮಾಸ್ತರರಿಂದ ಫೋನು ಬಂದು ಇಪ್ಪತ್ತು ದಿನವಾಗಿತ್ತು. ಹಳೆಯ ಬ್ಯಾಂಡ್ ಕಂಪನಿಯ ಮಾಲಕರು ಅವರು, ಈಗ ಎಂಬತ್ತರ ಮೇಲಾಗಿದೆ, ಕಿವಿ ಕೇಳುವುದಿಲ್ಲ, ಅದಕ್ಕೇ ಫೋನಿನಲ್ಲಿ ತಾವೇ ಕೂಗುತ್ತಾರೆ, ಎದುರಿನವನ ಮಾತಿಗೆ ಕಾಯುವುದಿಲ್ಲ. "ಬಾಗೇವಾಡ್ಯಾಗ ಮೊಮ್ಮಗಳ ಲಗ್ನ ಐತಿ. ಡೀಜೆ ಗೀಜೆ ಏನೂ ಬ್ಯಾಡ. ನಮ್ಮ ಹಳೇ ಮಂದಿನ ಬಾರಸಬೇಕು. ದಾವಲಮಲಿಕನೂ ಬರಾಕತ್ತಾನ. ನೀ ಬರಲಿಲ್ಲಂದ್ರ ನನ್ನ ಹೆಣದ ಮುಂದ ಬಂದು ಬಾರಸು ಮತ್ತ!" ಅಂದು ಇಟ್ಟುಬಿಟ್ಟರು. ಅವನ ಕಿವಿಯಲ್ಲಿ ಉಳಿದದ್ದು ಒಂದೇ ಹೆಸರು. ಆ ರಾತ್ರಿಯಿಂದ ಊಟ ಸೇರಲಿಲ್ಲ. ಮರುದಿನ ಅಟ್ಟದ ಮೇಲಿಂದ ಪೆಟ್ಟಿಗೆ ಇಳಿಸಿ ನೋಡಿದರೆ ಕೀಲಿಗಳ ಕೆಳಗಿನ ತೊಗಲನ್ನು ಹುಳ ತಿಂದಿತ್ತು. ಸೋಲಾಪುರಕ್ಕೆ ಹೋಗಿ ಹಾಕಿಸಿಕೊಂಡು ಬಂದ, ಬಾಯಿಗಿಡುವ ಬಿದಿರಿನ ಪತ್ತಿ ನಾಲ್ಕು ತಂದ. ಅಭ್ಯಾಸ ಎಲ್ಲಿ ಮಾಡುವುದು? ಮನೆಯಲ್ಲಿ ನಾಚಿಕೆ. ಗಿರಣಿ ಚಾಲೂ ಮಾಡಿ, ಅದರ ಗದ್ದಲದ ಹಿಂದೆ, ಜೋಳದ ಚೀಲಗಳ ಸಂದಿಯಲ್ಲಿ ನಿಂತು ಊದುತ್ತಿದ್ದ. ಹೊರಗೆ ಬುಟ್ಟಿ ಹಿಡಿದು ನಿಂತ ಹೆಂಗಸರು, "ಏನ್ರಿ ಶ್ರೀಶೈಲಪ್ಪಾರ, ನಿಮ್ಮ ಗಿರಣಿ ಅಳಾಕತ್ತೈತಲ್ಲ, ಎಣ್ಣಿ ಬಿಡ್ರಿ" ಅನ್ನುತ್ತಿದ್ದರು. ಎಣ್ಣೆ ಬಿಡುತ್ತೇನೆ ಎಂದು ಹೇಳಿ ಕಳಿಸುತ್ತಿದ್ದ.

ಇವತ್ತು ಬೆಳಿಗ್ಗೆ ಹೆಂಡತಿ ಇಂದುಬಾಯಿ ಬ್ಯಾಂಡಿನ ಹಳೆಯ ಕೋಟಿನ ಗುಂಡಿಗಳನ್ನು ಸರಿಸಿ ಹೊಲಿದು ಕೊಟ್ಟಳು. ಆದರೂ ಹೊಟ್ಟೆಯ ಮೇಲಿನ ಎರಡು ಕೂಡಲಿಲ್ಲ. ಕೊಡುವಾಗ, "ನೋಡ್ರಿ, ದಾವಲಣ್ಣನ ಕಂಡಕೂಡ್ಲೆ ಮದಲ ಮಾಲನಬೀ ಸುದ್ದಿ ತಗೀರಿ. ಲಗ್ನದ ಮನಿ ಅಂತ ಬಾಯಿ ಮುಚಗೊಂಡ ಕುಂದ್ರಬ್ಯಾಡ್ರಿ. ಆಕಿ ಸತ್ತಾಗೂ ಮಾತಾಡ್ಸಾಕ ಹೋಗಲಿಲ್ಲ ನೀವು" ಅಂದಳು. ಸಾವಾದ ಮನೆಗೆ ಹೋಗಿ ಸತ್ತವರ ಸುದ್ದಿ ಕೇಳಿ, ಕೂಡಿ ಅತ್ತು ಬರುವುದಕ್ಕೆ ಆ ಕಡೆ ಮಾತಾಡಿಸುವುದು ಅನ್ನುತ್ತಾರೆ. "ಆತು ಬಿಡ" ಅಂದ. ಇದು ಅವಳು ಐದು ವರ್ಷದಿಂದ ಹೇಳುತ್ತಲೇ ಇದ್ದ ಮಾತು, ಅವನು ಐದು ವರ್ಷದಿಂದ ಆತು ಬಿಡ ಅನ್ನುತ್ತಲೇ ಇದ್ದ. ದಾವಲಮಲಿಕನ ಹೆಂಡತಿ ಮಾಲನಬೀ ತೀರಿಕೊಂಡ ಸುದ್ದಿ ಮುಟ್ಟಿದ ದಿನ ಅವನೂ ಹೊರಟಿದ್ದ, ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದ. ದಾವಲಮಲಿಕನಿದ್ದ ಕೊಲ್ಹಾರದ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಚಹಾ ಕುಡಿದು ಮನೆಗೆ ಬಂದ. ಹೆಂಡತಿಗೆ ಏನು ತಿಳಿಯುತ್ತದೆ? ದಾವಲಮಲಿಕನಿಗೆ ತಾನು ಹೇಳಬೇಕಾದದ್ದು ಬೇರೆಯೇ ಇದೆ, ಅದನ್ನು ಹೇಳದೆ ಆ ಮನೆಯ ಹೊಸ್ತಿಲು ತುಳಿಯಲು ತನಗೆ ಮುಖವಿಲ್ಲ. ಇವತ್ತು ಹೇಳಿಯೇ ಬಿಡಬೇಕು. ಹೇಳಿದ ಮೇಲೆ ಅವನು ಕಪಾಳಕ್ಕೆ ಹೊಡೆದರೂ ಸರಿ, ನಿನ್ನ ಜೊತೆ ಬಾರಿಸುವುದಿಲ್ಲ ಎಂದು ಎದ್ದು ಹೋದರೂ ಸರಿ.

ಶ್ರೀಶೈಲಪ್ಪ ಸ್ಯಾಕ್ಸೋಫೋನಿನಲ್ಲಿ, ದಾವಲಮಲಿಕ ಟ್ರಂಪೆಟ್ಟಿನಲ್ಲಿ ಬಾರಿಸುತ್ತಿದ್ದುದಕ್ಕೆ ಗುರಪ್ಪ ಮಾಸ್ತರರು 'ಜಾಜ್' ಎಂದು ಹೆಸರಿಟ್ಟಿದ್ದರು, ಬೈಗುಳದ ಹಾಗೆ. ಮೂವತ್ತು ವರ್ಷದ ಹಿಂದೆ ಝಳಕಿಯ ಹೆದ್ದಾರಿಯ ಢಾಬಾದಲ್ಲಿ ಊಟಕ್ಕೆ ಕುಳಿತಾಗ ಒಬ್ಬ ಲಾರಿ ಡ್ರೈವರ್ ಹಾಕಿದ ಕ್ಯಾಸೆಟ್ಟು ಕೇಳಿ ಇಬ್ಬರ ಕೈತುತ್ತೂ ಕೈಯಲ್ಲೇ ನಿಂತಿತ್ತು. ಹಾಡಿಲ್ಲ, ಮಾತಿಲ್ಲ. ಒಂದು ಸ್ಯಾಕ್ಸೋಫೋನು, ಒಂದು ಟ್ರಂಪೆಟ್ಟು, ಹಿಂದೆಲ್ಲೋ ಡೋಲು. ಧಾಟಿಯೊಂದನ್ನು ಹಿಡಿದು ಹೊರಡುತ್ತಾರೆ, ಅರ್ಧ ದಾರಿಯಲ್ಲಿ ಬಿಟ್ಟು ಎತ್ತೆತ್ತಲೋ ಅಡ್ಡಾಡುತ್ತಾರೆ, ದಾರಿ ತಪ್ಪಿತು ಅನ್ನುವಷ್ಟರಲ್ಲಿ ತಿರುಗಿ ಮನೆಗೆ ಬರುತ್ತಾರೆ. ದಾವಲಮಲಿಕ ಡ್ರೈವರನ ಕೈಕಾಲು ಹಿಡಿದು, ತನ್ನ ಕೈಗಡಿಯಾರ ಬಿಚ್ಚಿ ಕೊಟ್ಟು ಆ ಕ್ಯಾಸೆಟ್ಟು ಇಸಿದುಕೊಂಡ. ರಿಬ್ಬನ್ನು ಹರಿಯುವವರೆಗೆ ಇಬ್ಬರೂ ಕೇಳಿದರು. ಆಮೇಲೆ ಮದುವೆಯ ಮೆರವಣಿಗೆಗಳಲ್ಲಿ ಸಿನಿಮಾ ಹಾಡು ಬಾರಿಸುತ್ತ ಬಾರಿಸುತ್ತ ಅಡ್ಡಾಡಲು ಕಲಿತರು. ಒಬ್ಬ ಅಡ್ಡಾಡುವಾಗ ಇನ್ನೊಬ್ಬ ಒಂದೇ ಸ್ವರ ಎಳೆದು ನೆಲ ಹಿಡಿದಿರಬೇಕು, ಇಲ್ಲದಿದ್ದರೆ ಅಡ್ಡಾಡುವವನಿಗೆ ಕಾಲಿಡಲು ಜಾಗವಿಲ್ಲ. ನೆಲ ಹಿಡಿದವನ ಉಸಿರು ಮುಗಿಯುತ್ತ ಬಂದರೆ ಹುಬ್ಬು ಎತ್ತಬೇಕು. ಹುಬ್ಬು ಎತ್ತಿದ್ದು ಕಂಡಕೂಡಲೆ ಅಡ್ಡಾಡುವವನು ಮನೆಗೆ, ಅಂದರೆ ಮೊದಲಿನ ಧಾಟಿಗೆ, ಬರಬೇಕು. ಇದಕ್ಕೆ ಒಪ್ಪಂದ ಗಿಪ್ಪಂದ ಏನೂ ಆಗಿರಲಿಲ್ಲ, ಹಾಗೇ ಬೆಳೆದುಬಂದದ್ದು. ಎದೆನೋವಿನ ಮನುಷ್ಯ ದಾವಲಮಲಿಕ, ಚಳಿಗಾಲದಲ್ಲಿ ಉಬ್ಬಸ. ಅವನ ಹುಬ್ಬು ಬೇಗ ಏಳುತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ಮುದ್ದೇಬಿಹಾಳದ ಬಜಾರಿನ ಒಂದು ಮೆರವಣಿಗೆಯಲ್ಲಿ, ಆ ಹುಬ್ಬು ಮೂರು ಸಲ ಎದ್ದಿತು. ಮೇ ತಿಂಗಳು, ಕಾಲಿನ ಕೆಳಗೆ ಡಾಂಬರು ಮೆತ್ತಗಾಗಿತ್ತು. ಮಾಳಿಗೆಗಳ ಮೇಲೆಲ್ಲ ಹೆಂಗಸರು ಮಕ್ಕಳು ನಿಂತಿದ್ದರು. ಶ್ರೀಶೈಲಪ್ಪ ಅಡ್ಡಾಡಲು ಹೊರಟಿದ್ದ, ಎಂದೂ ಸಿಗದ ಒಂದು ತಿರುವು ಸಿಕ್ಕುಬಿಟ್ಟಿತ್ತು, ಜನ ನಡೆಯುವುದನ್ನು ಬಿಟ್ಟು ನಿಂತುಬಿಟ್ಟಿದ್ದರು. ಹುಬ್ಬು ಎದ್ದಿತು, ಕಂಡ. ಇನ್ನೊಂದು ಸುತ್ತು ಅಂದುಕೊಂಡ. ಮತ್ತೆ ಎದ್ದಿತು, ಕಂಡ. ಮೂರನೆಯ ಸಲ ಎದ್ದಾಗ ಕಣ್ಣು ಮುಚ್ಚಿಕೊಂಡ, ತಲ್ಲೀನನಾದವನ ಹಾಗೆ. ಲೇ ಕಳ್ಳ! ಆಗ ನೆಲ ಕುಸಿಯಿತು. ಅವನ ಸ್ಯಾಕ್ಸೋಫೋನು ಒಂಟಿ ಬಾತುಕೋಳಿಯ ಹಾಗೆ ಕಿರುಚಿ ನಿಂತಿತು. ಕಣ್ಣು ತೆರೆದರೆ ದಾವಲಮಲಿಕ ಗಟಾರದ ಕಟ್ಟೆ ಹಿಡಿದು ಬಗ್ಗಿ ಕೆಮ್ಮುತ್ತಿದ್ದ, ಟ್ರಂಪೆಟ್ಟು ಮಣ್ಣಿನಲ್ಲಿ ಬಿದ್ದಿತ್ತು. "ಮುದುಕನ ದಮ್ಮ ಮುಗೀತೋ!" ಎಂದು ಯಾರೋ ಕೂಗಿದರು, ಬಜಾರಿಗೆ ಬಜಾರೇ ನಕ್ಕಿತು. ದಾವಲಮಲಿಕನಿಗೆ ಆಗ ಬರೀ ನಲವತ್ತೇಳು. ತಲೆ ಎತ್ತಿ ಅವನು ಇವನ ಕಡೆ ನೋಡಿದ. ಆ ಹೊತ್ತಿಗೆ ಶ್ರೀಶೈಲಪ್ಪನೂ ನಗುತ್ತಿದ್ದ. ಜನರ ಜೊತೆ ಸೇರಿ ನಗುತ್ತಿದ್ದ. ಇದನ್ನು ಅವನು ಇಂದುಬಾಯಿಗೂ ಹೇಳಿಲ್ಲ. ಆ ವರ್ಷವೇ ಡೀಜೆಗಳು ಬಂದು ಬ್ಯಾಂಡಿಗೆ ಕರೆ ಬರುವುದು ನಿಂತಿತು, ಕಂಪನಿ ಮುಚ್ಚಿತು, ದಾವಲಮಲಿಕ ಕೊಲ್ಹಾರದಲ್ಲಿ ಮೀನಿನ ವ್ಯಾಪಾರಕ್ಕೆ ಇಳಿದ. ಎಲ್ಲರಿಗೂ ಗೊತ್ತಿದ್ದ ಕಾರಣ ಅದು. ಅವನಿಗೆ ಮಾತ್ರ ತನ್ನ ನಗುವೇ ಕಂಪನಿ ಮುಚ್ಚಿಸಿತು ಅನಿಸುತ್ತಿತ್ತು. ಗಿರಣಿಯ ಕಲ್ಲು ತಿರುಗುವಾಗೆಲ್ಲ ಆ ನಗು ಕೇಳಿಸುತ್ತಿತ್ತು.

ಬಾಗೇವಾಡಿಯ ಕಲ್ಯಾಣಮಂಟಪದ ಹಿಂದೆ ಬೇವಿನ ಮರವೊಂದಿತ್ತು. ಅದರ ಕೆಳಗೆ ಹಳಬರು ಐದು ಜನ ಕುಳಿತಿದ್ದರು, ಉಳಿದವರನ್ನು ಇಂಡಿ ಪಟ್ಟಣದಿಂದ ಕರೆಸಿದ್ದರು. ದಾವಲಮಲಿಕ ಟ್ರಂಪೆಟ್ಟಿನ ಗುಂಡಿಗಳಿಗೆ ಎಣ್ಣೆ ಹಾಕುತ್ತಿದ್ದ. ಬಾಯಿಯಲ್ಲಿ ಹೊಸ ಹಲ್ಲಿನ ಸೆಟ್ಟು, ಗಡ್ಡ ಪೂರಾ ಬಿಳಿ, ಹುಬ್ಬುಗಳೂ ಬಿಳಿ. ಶ್ರೀಶೈಲಪ್ಪನ ಕಣ್ಣು ಮೊದಲು ಹೋದದ್ದು ಅವಕ್ಕೇ. "ಬಂದ್ಯಾ? ಕುಂದ್ರ ಬಾ" ಅಂದ ದಾವಲಮಲಿಕ, ನಿನ್ನೆ ಸಂಜೆ ಬಿಟ್ಟುಹೋದವನಿಗೆ ಅನ್ನುವ ಹಾಗೆ. "ಅರಾಮೇನು?" "ಅರಾಮ. ನೀ?" "ಅರಾಮ." ಮುಂದೆ ಏನು? ಇಂದುಬಾಯಿ ಹೇಳಿಕೊಟ್ಟ ಮಾತು ನೆನಪಾಯಿತು, ಆದರೆ ಮೊದಲು ಮುದ್ದೇಬಿಹಾಳದ್ದು ಹೇಳಬೇಕು, ಅದು ಹೇಳದೆ ಇದನ್ನು ಹೇಗೆ ಎತ್ತುವುದು ಎಂದು ನಾಲಿಗೆಯ ಮೇಲೆ ತೂಗುತ್ತಿರುವಾಗಲೇ ಗುರಪ್ಪ ಮಾಸ್ತರರು ಕೋಲೂರಿಕೊಂಡು ಬಂದು, "ಏಳ್ರಲೇ, ವರ ಬಂದಾನ!" ಎಂದು ಕೂಗಿದರು.

ಮೆರವಣಿಗೆಯ ಮೊದಲರ್ಧ ಹಾಳಾಯಿತು. ಬೇರೆ ಯಾರೂ ಹಾಳು ಮಾಡಲಿಲ್ಲ, ಅವನೇ ಮಾಡಿದ. ಬೆರಳುಗಳು ನಡೆದವು, ಉಸಿರೂ ಗಿರಣಿಯಲ್ಲಿ ಕಲಿತಷ್ಟು ಬಂತು. ಆದರೆ ಕಣ್ಣು ದಾವಲಮಲಿಕನ ಹುಬ್ಬಿನ ಮೇಲೆ ಅಂಟಿಕೊಂಡಿತ್ತು. ಬೆವರು ಇಳಿದು ಅವನು ಹಣೆ ಸುಕ್ಕಿಸಿದರೂ ಸಾಕು, ಇವನು ಓಡಿ ಮನೆಗೆ ಬರುತ್ತಿದ್ದ. ನೊಣ ಕೂತು ಹುಬ್ಬು ಅಲುಗಿತು, ಬಂದ. ಬಿಸಿಲಿಗೆ ಅವನು ಕಣ್ಣು ಕಿರಿದು ಮಾಡಿದ, ಬಂದ. ಎರಡು ಹೆಜ್ಜೆ ಹೋಗಿ ತಿರುಗಿ ಬರುವವನಿಗೆ ಅಡ್ಡಾಟವೆಲ್ಲಿ? ವರನ ಗೆಳೆಯರು ಕುಣಿಯಲು ನಿಂತವರು ಕುಣಿಯದೆ ಮೊಬೈಲು ತೆಗೆದರು. ಒಬ್ಬ, "ಡೀಜೆ ಇದ್ದರ ಚಲೋ ಇತ್ತು" ಅಂದದ್ದು ಕಿವಿಗೆ ಬಿತ್ತು. ಮಾಸ್ತರರು ಪಕ್ಕಕ್ಕೆ ಬಂದು ಅವನ ಪಕ್ಕೆಗೆ ಕೋಲಿನಿಂದ ತಿವಿದರು. "ಏನಲೇ, ಜ್ವಾಳ ಬೀಸಿದಂಗ ಬಾರಸ್ತಿ! ಹೆದರಿದ್ಯಾ?" ಕಿವುಡರಿಗೂ ತಿಳಿಯುವಷ್ಟು ಕೆಟ್ಟದಾಗಿತ್ತೇ? ಅವಮಾನದಿಂದ ಕಿವಿ ಸುಟ್ಟಿತು.

ಬಸವೇಶ್ವರ ಸರ್ಕಲ್ಲಿನ ಹತ್ತಿರ ಬೀಗರು ಬ್ಯಾಂಡಿನವರಿಗೆ ಶರಬತ್ತು ಹಂಚಿದರು. ಇಬ್ಬರೂ ಒಂದು ಅಂಗಡಿಯ ಕಟ್ಟೆಗೆ ಕುಳಿತರು. ಶ್ರೀಶೈಲಪ್ಪ ಶರಬತ್ತು ಕುಡಿಯಲಿಲ್ಲ. ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ, ಎದುರಿನ ಚಪ್ಪಲಿ ಅಂಗಡಿಯ ಕಡೆ ನೋಡುತ್ತ ಹೇಳಿಬಿಟ್ಟ.

"ದಾವಲ, ಮುದ್ದೇಬಿಹಾಳದಾಗ ನೀ ಹುಬ್ಬ ಎತ್ತಿದ್ದು ನಾ ನೋಡಿದ್ದೆ. ಮೂರು ಸರ್ತಿನೂ ನೋಡಿದ್ದೆ."

"ಗೊತ್ತೈತಿ" ಅಂದ ದಾವಲಮಲಿಕ. "ನೀ ಏನ ಕುರುಡ ಅಲ್ಲಲ್ಲ."

"ಬೇಕಂತನ ಬಿಡಲಿಲ್ಲ. ಆಮ್ಯಾಲೆ ಮಂದಿ ಕೂಡ ನಗೂದೂ ನಕ್ಕೆ."

"ನಕ್ಕಿ. ಅದೂ ನೋಡೀನಿ. ಇಂಡ್ಯಾಗ ಮೆರವಣಿಗ್ಯಾಗ ನಿನ್ನ ಪ್ಯಾಂಟ ಹಿಂದ ಹರದಾಗ ನಾ ಎಂಟ ದಿನ ನಕ್ಕಿದ್ದೆ, ನೆನಪೈತೇನು?"

"ಸಿಟ್ಟ ಬರಲಿಲ್ಲೇನ ನಿನಗ?"

"ಬಂತೋ, ಯಾಕ ಬರಂಗಿಲ್ಲ? ನಾಕ ದಿನ ಇತ್ತು. ಆಮ್ಯಾಲೆ ಹಲ್ಲಬ್ಯಾನಿ ಸುರು ಆತು, ಅದರಾಗ ಮರತ ಹೋತು. ನಾನೂ ಎಷ್ಟ ಸರ್ತಿ ನಿನ್ನ ಹುಬ್ಬ ನೋಡಿನೂ ನೋಡದಂಗ ಬಾರಸಿಲ್ಲ? ಚಲೋ ಬರಾಕತ್ತಾಗ ಯಾವ ಸೂಳೀಮಗ ಬಿಡ್ತಾನ?"

ನಾಲ್ಕು ದಿನ! ಶ್ರೀಶೈಲಪ್ಪನಿಗೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಏನೋ ಕಿತ್ತುಕೊಂಡ ಹಾಗಾಯಿತು. ನಾಚಿಕೆಯಾಗುವ ಮಾತು, ಆದರೆ ನಿಜ: ಅವನಿಗೆ ಸಿಟ್ಟೇ ಬಂತು. ಹನ್ನೊಂದು ವರ್ಷ ತಾನು ಹೊತ್ತು ತಿರುಗಿದ್ದನ್ನು ಈ ಮನುಷ್ಯ ಹಲ್ಲುನೋವಿನಲ್ಲಿ ಕಳೆದುಬಿಟ್ಟನೆ? ವಾದ್ಯ ಅಟ್ಟಕ್ಕೆ ಹಾಕಿದ್ದು, ಮದುವೆಮನೆಗಳಿಗೆ ಊಟಕ್ಕೂ ಹೋಗದೆ ಉಳಿದದ್ದು, ಬ್ಯಾಂಡಿನ ಸದ್ದು ಕೇಳಿದರೆ ಗಿರಣಿಯ ಬೆಲ್ಟು ಹಾಕಿ ಗದ್ದಲ ಮಾಡಿಕೊಂಡದ್ದು, ಇವೆಲ್ಲ ಯಾರಿಗಾಗಿ? ದಾವಲಮಲಿಕ ಶರಬತ್ತು ಮುಗಿಸಿ ಗ್ಲಾಸು ಕೆಳಗಿಟ್ಟ. ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಸರಿಮಾಡಿಕೊಂಡು, ಅಷ್ಟೇ ಮೆಲ್ಲಗೆ ಕೇಳಿದ.

"ಮಾಲನಬೀ ಸುದ್ದಿ ನಿನಗ ಮುಟ್ಟಿತ್ತಿಲ್ಲೊ?"

"ಮುಟ್ಟಿತ್ತು."

"ಮತ್ತ?"

"ಮಾರಿ ತೋರಸಾಕ ಆಗಲಿಲ್ಲೊ ದಾವಲ. ಮುದ್ದೇಬಿಹಾಳದ್ದು..."

"ಬೆಂಕಿ ಹಚ್ಚ ನಿನ್ನ ಮುದ್ದೇಬಿಹಾಳಕ್ಕ!" ದಾವಲಮಲಿಕನ ದನಿ ಏರಿತು, ಹಲ್ಲು ಕಟಕ್ಕೆಂದಿತು. "ನಿನ್ನ ಮಾರಿ ಯಾರ ನೋಡ್ತಿದ್ರೊ ಅವತ್ತು? ನಾ ಅಳಾಕ ಕುಂತಿದ್ದೆ. ಇಂಡಿಯವರು ಬಂದರು. ನಮ್ಮ ಬ್ಯಾಂಡಿನ ಯಂಕಂಚಿ ಅಮೀರನ ಕಾಲ ಮುರದಿತ್ತು, ಬಡಿಗಿ ಹಿಡಕೊಂಡ ಬಂದ. ಮಾಸ್ತರ ಬಂದ ಎರಡ ದಿನ ಇದ್ದರು. ಬಸ್ಸಿನ ಸಪ್ಪಳ ಆದಾಗೊಮ್ಮೆ ನಾ ಬಾಗಲದಾಗ ನೋಡ್ತಿದ್ದೆ. ನಲವತ್ತ ದಿನ ನೋಡೀನಿ. ಆಕಿ ನಿನಗ ಬ್ಯಾರೆ ರೊಟ್ಟಿ ಕಟ್ಟಿ ಕಳಸ್ತಿದ್ದಳಲ್ಲೋ, ಶೇಂಗಾ ಹಿಂಡಿ ಹಚ್ಚಿ. ಹಾಡಿನಾಗ ನನ್ನ ಕೈ ಬಿಟ್ಟದ್ದಕ್ಕ ನನಗ ಸಿಟ್ಟಿಲ್ಲ. ನೀ ಬರಲಿಲ್ಲಲ್ಲ."

ಡೋಲಿನವನು ಎದ್ದು ಹೊಡೆಯತೊಡಗಿದ್ದ. ಎಲ್ಲರೂ ಎದ್ದರು. ಶ್ರೀಶೈಲಪ್ಪನೂ ಎದ್ದ, ಯಾಕೆಂದರೆ ಎದ್ದೇಳಲೇಬೇಕಿತ್ತು. ಬಾಯಿಗೆ ವಾದ್ಯ ಹಿಡಿದ. ತಲೆಯಲ್ಲಿ ಹುಬ್ಬೂ ಇರಲಿಲ್ಲ, ಬಜಾರೂ ಇರಲಿಲ್ಲ, ಹಳದಿ ಸೆರಗಿನ ಒಬ್ಬ ಹೆಂಗಸು ಬಟ್ಟೆಯ ಗಂಟು ಚಾಚಿ, "ಅಣ್ಣಾ, ನಿಮ್ಮ ಗಂಟ ಮ್ಯಾಲಿಂದು, ನಮ್ಮವರದು ಬ್ಯಾರೆ ಐತಿ" ಅನ್ನುತ್ತಿದ್ದಳು. ಅವಳ ಮುಖ ನೆನಪಿಗೆ ತಂದುಕೊಳ್ಳಲು ನೋಡಿದ, ಪೂರಾ ಬರಲಿಲ್ಲ. ಹನ್ನೊಂದು ವರ್ಷ ಒಂದು ಜೋಡಿ ಹುಬ್ಬನ್ನು ದಿನಾ ನೆನೆದವನಿಗೆ ಅನ್ನ ಹಾಕಿದವಳ ಮುಖ ಬರಲಿಲ್ಲ. ತನ್ನ ಮೇಲೆ ತನಗೇ ಎಂಥ ಕೋಪ ಬಂತೆಂದರೆ, ಊದಿದ. ಎಲ್ಲಿಗೆ ಹೋಗುತ್ತಿದ್ದೇನೆಂದು ನೋಡದೆ ಊದಿದ. ಧಾಟಿ ಬಿಟ್ಟು ಎಷ್ಟು ದೂರ ಹೋದನೋ, ಕೆಳಗೆ ದಾವಲಮಲಿಕನ ಒಂದೇ ಸ್ವರ ಗಟ್ಟಿಯಾಗಿ ಹಾಸಿಕೊಂಡಿತ್ತು. ಮೊಬೈಲು ಹಿಡಿದವರು ಮೊಬೈಲು ಕಿಸೆಗೆ ಹಾಕಿದರು. ವರ ಕುದುರೆಯ ಮೇಲೆ ಕುಳಿತಲ್ಲೇ ಭುಜ ಕುಣಿಸಿದ. ಗುರಪ್ಪ ಮಾಸ್ತರರು ಕೋಲು ಎತ್ತಿ, "ಜಾಜ್! ಜಾಜ್ ಬಂತಲೇ!" ಎಂದು ಕೂಗುತ್ತಿದ್ದರು, ಕಣ್ಣಲ್ಲಿ ನೀರು. ಚಲೋ ಬಂತು, ಸುಳ್ಳು ಯಾಕೆ ಹೇಳಬೇಕು, ಜೀವಮಾನದಲ್ಲಿ ಅಷ್ಟು ಚಲೋ ಬಂದಿರಲಿಲ್ಲ. ಮಂದಿ ಚಪ್ಪಾಳೆ ತಟ್ಟಿದರು. ಅವನಿಗೆ ಆ ಚಪ್ಪಾಳೆ ಬೇರೆ ಯಾರದೋ ಮನೆಯ ಮುಂದೆ ತಟ್ಟಿದ ಹಾಗೆ ಕೇಳಿಸಿತು.

ಅಕ್ಕಿಕಾಳು ಬಿದ್ದು, ಲಗ್ನ ಮುಗಿದು, ಊಟವಾಯಿತು. ದಾವಲಮಲಿಕ ಕೈ ತೊಳೆದು ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ಹೊರಟ. ಇವನು ಹಿಂದೆ ಹಿಂದೆ ಹೋದ. ಸಿಂದಗಿಯ ಬಸ್ಸು ಚಾಲೂ ಆಗಿ ನಿಂತಿತ್ತು. "ನಿನ್ನ ಬಸ್ಸು ಅಲ್ಲೈತಿ ನೋಡು" ಅಂದ ದಾವಲಮಲಿಕ. "ಗೊತ್ತೈತಿ" ಎಂದು ಇವನು ಕೊಲ್ಹಾರದ ಬಸ್ಸಿನಲ್ಲಿ ಅವನ ಪಕ್ಕಕ್ಕೇ ಕುಳಿತ. ದಾವಲಮಲಿಕ ಸರಿದು ಜಾಗ ಕೊಟ್ಟ, ಸ್ವಲ್ಪ ಹೊತ್ತಿಗೆ ನಿದ್ದೆ ಹೋದ. ಇವನಿಗೆ ನಿದ್ದೆಯೆಲ್ಲಿ? ಕೋಟು ಬಿಚ್ಚಲು ನೋಡಿದರೆ ಒಳಗಿನ ಅಂಗಿ ಬೆವರಿಗೆ ಹರಿದಿತ್ತು, ಬಿಚ್ಚುವಂತಿರಲಿಲ್ಲ. ಕೆಂಪು ಕೋಟು, ಬಂಗಾರದ ಪಟ್ಟಿ ಹಾಕಿಕೊಂಡು ಸಾವಿನ ಮನೆಗೆ ಹೋಗುವವರುಂಟೆ? ಅದೂ ಐದು ವರ್ಷಕ್ಕೆ? ಆ ಮನೆಯಲ್ಲಿ ತನ್ನ ಹೆಸರು ಎಷ್ಟು ಸಲ ಬಂದಿರಬಹುದು. ಎಂಥ ಗೆಳೆಯನಪ್ಪಾ ಅವನು, ಬರಲೇ ಇಲ್ಲ ಎಂದು ಮಗ ಅಂದಿರುತ್ತಾನೆ, ಸೊಸೆ ಅಂದಿರುತ್ತಾಳೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿದರೆ ಕೇಳಲಿ. ಎಲ್ಲ ಕೇಳಿಸಿಕೊಳ್ಳಬೇಕು.

ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿನೊಳಗಿದೆ. ಹೊಸ ಊರಿನ ಓಣಿಗಳು ಗೆರೆ ಎಳೆದ ಹಾಗೆ ನೆಟ್ಟಗಿವೆ. ದಾವಲಮಲಿಕನ ಮನೆಯ ಅಂಗಳದಲ್ಲಿ ಬಲೆ ಒಣಗಲು ಹಾಕಿದ್ದರು. ಮಗ ಮೀನಿಗೆ ಹೋಗಿದ್ದ. ಮೂವತ್ತರ ಆಸುಪಾಸಿನ ಸೊಸೆ ಬಾಗಿಲಿಗೆ ಬಂದು, ಕೆಂಪು ಕೋಟಿನ ಹೊಟ್ಟೆಯ ಮುದುಕನನ್ನು ಮೇಲಿಂದ ಕೆಳಗೆ ನೋಡಿ, ಮಾವನನ್ನು ತಮ್ಮ ಮನೆಮಾತಿನಲ್ಲಿ ಇವರು ಯಾರೆಂದು ಕೇಳಿದಳು. ಅಷ್ಟು ಇವನಿಗೆ ತಿಳಿಯುತ್ತಿತ್ತು.

"ಸಿಂದಗಿ ಶ್ರೀಶೈಲಪ್ಪ" ಅಂದ ದಾವಲಮಲಿಕ.

ಸೊಸೆಯ ಮುಖದಲ್ಲಿ ಏನೂ ಆಗಲಿಲ್ಲ. ಇವನು ಕಾದು ನೋಡಿದ. ಸಿಟ್ಟಿಲ್ಲ, ಗುರುತಿಲ್ಲ, ಕೇಳಿದ ನೆನಪೂ ಇಲ್ಲ. ಅವಳು ಈ ಹೆಸರನ್ನು ಕೇಳಿಯೇ ಇರಲಿಲ್ಲ. ಈ ಮನೆಯಲ್ಲಿ ಬಾಗಿಲು ನೋಡುತ್ತ ಕುಳಿತ ಒಬ್ಬ ಮನುಷ್ಯ ಯಾರ ದಾರಿ ನೋಡುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ.

"ನಿಮ್ಮ ಅತ್ತೀನ ಮಾತಾಡ್ಸಾಕ ಬಂದಾನವ್ವ" ಎಂದು ದಾವಲಮಲಿಕ ಕನ್ನಡದಲ್ಲೇ ಹೇಳಿ ಗೋಡೆಗೆ ಒರಗಿ ಕುಳಿತ.

ಅವಳು ಒಂದು ಕ್ಷಣ ಇಬ್ಬರನ್ನೂ ನೋಡಿದಳು. ನಗುತ್ತಾಳೆ ಅಂದುಕೊಂಡ, ನಗಲಿಲ್ಲ. ಒಳಗೆ ಹೋದಳು. ಒಲೆಯ ಮೇಲಿಂದ ಹಾಲಿನ ಪಾತ್ರೆ ಇಳಿಸಿದ ಸದ್ದಾಯಿತು. ಕೈ ಒರೆಸಿಕೊಳ್ಳುತ್ತ ಬಂದು, ಸೆರಗನ್ನು ಹಣೆಯವರೆಗೆ ಎಳೆದು, ಅವನೆದುರು ನೆಲದ ಮೇಲೆ ಕುಳಿತಳು. "ಹೋಗಿಬಿಟ್ಟರು ನೋಡ್ರಿ ಕಾಕಾ" ಅಂದಳು. ಅಷ್ಟು ಅಂದದ್ದೇ ತಡ, ನಿನ್ನೆ ಸತ್ತವಳಿಗೆ ಅಳುವ ಹಾಗೆ ಅಳತೊಡಗಿದಳು. ಶ್ರೀಶೈಲಪ್ಪ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನೆಲಕ್ಕೆ ಕುಳಿತ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರೂ ನಿಲ್ಲಲಿಲ್ಲ. ಮುಂದಕ್ಕೆ ಬಾಗಿ, ಮಾತಾಡಿಸಲು ಬಂದವರು ಮೊದಲು ಕೇಳಬೇಕಾದದ್ದನ್ನು ಕೇಳಿದ.

"ಏನಾಗಿತ್ತವ್ವಾ?"